ತಿಕೋಟಾದ ಕಂಪ್ಯೂಟರಿನ ಮಧ್ಯಾಹ್ನದ ನಿದ್ದೆ

ಕಾಣುವುದರೊಳಗೂ ಕಾಣದುದರೊಳಗೂ ಇರುವ ಪರಶಿವನಿಗೆ ಶರಣೆಂದು ಶುರು ಮಾಡುತ್ತೇನೆ. ಗಾಂಧಿ ಚೌಕದ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ಮೈ ಜುಮ್ಮೆನ್ನುವಂಥದ್ದು ಆಗಾಗ ನಡೆಯುತ್ತಲೇ ಇರುತ್ತದೆ. ಅದರ ಬೆನ್ನಿಗೇ ನಗುವೂ ಬರುತ್ತದೆ, ಏನು ಮಾಡುವುದು! ಇವೆಲ್ಲ ತಿಕೋಟಾದ ಒಂದೇ ಮನೆಯಲ್ಲಿ, ಒಂದೇ ದಿನ ಆದವು.

ಗೋಡೆ ಅಷ್ಟೇ ಹೊಸದು

ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ತೀರಿಕೊಂಡು ವರ್ಷವಾಗಿತ್ತು. ಅವರ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶ ಬಹಳ ಹಳೆಯದಾಗಿ, ಹೊಸ ಪ್ರಿಂಟರ್ ಅದಕ್ಕೆ ಒಗ್ಗುತ್ತಿರಲಿಲ್ಲ. ಅವರ ಹೆಂಡತಿ, ನಾನು ಅಕ್ಕಾರು ಅನ್ನುವವರು, ಕರೆಸಿದರು.

"ಹೊಸಾದು ಹಾಕ್ರಿ. ಆದ್ರ ಅವರು ಹಾಡಿದ ಭಜನಿ ಇದರಾಗ ಅಷ್ಟ ಅದಾವ. ಅವು ಹೋದ್ರ ನನಗ ಅವರ ದನಿನ ಇಲ್ಲ."

ಬಬಲೇಶ್ವರದಿಂದ ಬಂದಿದ್ದ ಮೈದುನ, "ಸತ್ತವ್ರ ಸಾಮಾನ ಯಾಕ ವೈನಿ? ಎಲ್ಲಾ ಅಳಿಸಿಬಿಡ್ರಿ ಸರ" ಅಂದ.

ನಾನು ಕಂಪ್ಯೂಟರಿಗೆ ವಿಭೂತಿ ಹಚ್ಚಿ, ದೇವರ ಮೇಲೆ ಭಾರ ಹಾಕಿ, ದೇವರಿಗೂ ಆಸರೆ ಇರಲೆಂದು ಪೆನ್‌ಡ್ರೈವಿಗೆ ಒಂದು ಕಾಪಿ ತೆಗೆದೆ.

"ಅಕ್ಕಾರ, ದೇವರ ಜಗುಲಿ ಮುಟ್ಟದ ಸುತ್ತಲಿನ ಗೋಡಿ ಅಷ್ಟ ಹೊಸಾದು ಕಟ್ಟಿದಂಗರಿ ಇದು. ಹೋಮ್ ಅನ್ನೂ ಫೋಲ್ಡರಿನ್ಯಾಗ ಅವರು ಇಟ್ಟದ್ದೆಲ್ಲಾ ಇಟ್ಟಂಗ ಇರತೈತಿ."

"ಹಂಗಾರ ಅವರು ಹರವಿ ಹೋಗಿದ್ದನ್ನ ಇನ್ನೂ ನಾನ ಎತ್ತಿಡಬೇಕೇನ್ರಿ?"

ಎರಡು ಕಣ್ಣು

ಕೆಲಸ ಮುಗಿದು ಕಂಪ್ಯೂಟರ್ ತಾನೇ ಆರಿ ಹತ್ತಿತು. ಪರದೆ ಬಹಳ ಹೊತ್ತು ಕಪ್ಪಗಿತ್ತು. ಫ್ಯಾನಿನ ಸದ್ದೂ ನಿಂತಂತಾಯಿತು. ಆ ಕತ್ತಲಿನ ಮೂಲೆಯಲ್ಲಿ ಎರಡು ಬಿಳಿ ಕಣ್ಣು ತೆರೆದವು.

ಮೈದುನ ಮೌಸ್ ಹಿಡಿದು ಎಡಕ್ಕೆ ಸರಿಸಿದ. ಕಣ್ಣು ಎಡಕ್ಕೆ ಹೊರಳಿದವು. ಬಲಕ್ಕೆ ಸರಿಸಿದ; ಬಲಕ್ಕೆ. ಅವನು ಕುರ್ಚಿ ಬಿಟ್ಟೆದ್ದು ಪರದೆಯ ಮುಂದೆ ಕೈ ಕಟ್ಟಿ ನಿಂತ.

"ಯಣ್ಣಾ, ಅಳಸ್ರಿ ಅಂತ ನಾ ಚ್ಯಾಷ್ಟಿಗೆ ಅಂದಿದ್ದೆ."

ಅಕ್ಕಾರಿಗೆ ಏನೂ ಅನಿಸಲಿಲ್ಲ. "ಅವರ ಹಾಕಿಟ್ಟ ಆಟದ ಕಣ್ಣು ಅವು. ಮೌಸಿನ ಬಾಣ ಹೋದ ಕಡೆ ನೋಡತಾವ. ಅವರಿದ್ದಾಗ ನೀ ಒಮ್ಮಿ ಹಿಂಗ ಕೈ ಕಟ್ಟಿ ನಿಂತಿದ್ರ ಎಷ್ಟ ಖುಷಿ ಪಡತಿದ್ರೋ ಏನೋ!"

ಊಟದ ಹೊತ್ತು

ಭಜನೆ ಉಳಿದಿವೆಯೋ ನೋಡಬೇಕಲ್ಲ, ಫೋಲ್ಡರ್ ತೆರೆಯಲು ಹೋದೆ. ಪರದೆ ತಾನಾಗಿಯೇ ಆರಿತು. ಗುಂಡಿ ಒತ್ತಿದೆ, ಬೆಳಕು ಬಂದು ಮತ್ತೆ ಹೋಯಿತು, ಒಳಗೆ ಯಾರೋ ದೀಪ ಊದಿದ ಹಾಗೆ. ಕಾಪಿ ಇತ್ತು ನಿಜ, ಅದು ಹಾಡುತ್ತದೋ ಇಲ್ಲವೋ ನೋಡಿರಲಿಲ್ಲ. ಶಿವ ಶಿವಾ ಎನ್ನುತ್ತ ಬೆವೆತುಹೋದೆ.

"ಗಾಬರಿ ಆಗಬ್ಯಾಡ್ರಿ," ಅಂದರು ಅಕ್ಕಾರು. "ಅವರು ಉಂಡು ಅಡ್ಡಾಗೂ ಹೊತ್ತಿದು. ತಾವು ಮಲಗಿದಾಗ ಇದೂ ಮಲಗಬೇಕಂತ ಹಂಗ ಮಾಡಿಟ್ಟಿದ್ರು. ಎಬ್ಬಸಬ್ಯಾಡ್ರಿ, ನೀವೂ ಉಣ್ಣಾಕ ಬರ್ರಿ."

ಹೋಮ್ ಫೋಲ್ಡರಿನಲ್ಲಿ ಫೈಲಷ್ಟೇ ಅಲ್ಲ, ಯಜಮಾನರ ನಿದ್ದೆಯೂ ಉಳಿದಿತ್ತು. ರೊಟ್ಟಿ ಉಣ್ಣುವಾಗ ಮೂವರೂ ಪಿಸುಮಾತಿನಲ್ಲೇ ಪಲ್ಯ ಕೇಳಿದೆವು.

ಚಹಾ

ಕಂಪ್ಯೂಟರ್ ಎದ್ದ ಮೇಲೆ ಭಜನೆ ಹಚ್ಚಿದೆ. ಅಕ್ಕಾರು ಅಡುಗೆಮನೆಯಲ್ಲಿದ್ದರು. ಇಲ್ಲದವರ ದನಿ ಕೋಣೆ ತುಂಬಿತು. ನನ್ನ ಕೈಯ ರೋಮ ನಿಂತವು. ನಡುವೆಯೇ ಹಾಡು ನಿಂತಿತು, ತಾಳವೂ ನಿಂತಿತು. ಆ ದನಿ ಗಟ್ಟಿಯಾಗಿ ಕೂಗಿತು:

"ಏ, ಚಾ ಎಲ್ಲಿ?"

ಒಳಗಿಂದ ಅಕ್ಕಾರು: "ಬಂದ್ನಿ ತಡೀರಿ! ಹಾಲ ಕಾಯಾಕತ್ತಾವ!"

ಮೈದುನ ನನ್ನ ತೋಳು ಗಟ್ಟಿ ಹಿಡಿದಿದ್ದ. ಸ್ವಲ್ಪ ಹೊತ್ತಿಗೆ ಅಕ್ಕಾರು ಸೆರಗಿನಿಂದ ಕಣ್ಣೊರೆಸುತ್ತ, ನಗುತ್ತ ಬಂದರು. ಕೈಯಲ್ಲಿದ್ದ ಚಹಾವನ್ನು ಪರದೆಯ ಮುಂದಿಟ್ಟರು.

"ಸಕ್ಕರಿ ಬ್ಯಾನಿ ಅಂತ ಕಡೀತನಕ ಸಪ್ಪನ್ನ ಚಾ ಕುಡಿಸಿದೆ. ಇವತ್ತ ಮೂರ ಚಮಚ ಹಾಕೀನಿ. ಇನ್ನೇನ ಆಗೂದೈತ್ರಿ ಅವರಿಗೆ?"

ಕೇಳಿದ ನಿಮ್ಮೆಲ್ಲರ ಮನೆಯಲ್ಲೂ ಪ್ರೀತಿಯ ದನಿ ಅಳಿಯದಿರಲಿ. ಶಿವ ನಿಮ್ಮನ್ನು ತಣ್ಣಗಿಟ್ಟಿರಲಿ.