ನಿಂಬೆಹಣ್ಣು ತುಳಿದ ಪಿಯಾನೊ

ನಮ್ಮ ಮನೆಯಲ್ಲಿ ಗಾಲಿ ಇರುವ ಯಾವ ವಸ್ತುವೂ ನಿಂಬೆಹಣ್ಣು ತುಳಿಯದೆ ಮುಂದೆ ಹೋದದ್ದಿಲ್ಲ. ಲಾರಿ, ಟ್ರ್ಯಾಕ್ಟರ್, ಮಗಳ ಸೈಕಲ್ಲು, ಕೊನೆಗೆ ಅಪ್ಪನ ಗಾಲಿಕುರ್ಚಿ ಕೂಡ! ಆದ್ದರಿಂದ ಪಿಯಾನೊ ಪ್ರಕರಣದಲ್ಲಿ ನನ್ನ ಕಡೆಯಿಂದ ತಾತ್ವಿಕವಾಗಿ ಯಾವ ತಪ್ಪೂ ನಡೆದಿಲ್ಲ ಎಂದು ಮೊದಲೇ ಸ್ಪಷ್ಟಪಡಿಸುತ್ತೇನೆ.

ಪಿಯಾನೊ ನಮ್ಮದಲ್ಲ. ನುಡಿಸುವವಳು ನನ್ನ ಹೆಂಡತಿ ಸರೋಜಳ ಅಣ್ಣನ ಮಗಳು ಸಹನಾ. ಜಾಝ್ ಮತ್ತು ಫ್ಲಮೆಂಕೊ ಎಂಬ ಎರಡು ಬಗೆಯ ಸಂಗೀತವನ್ನು ಬೆರೆಸಿ ನುಡಿಸುತ್ತಾಳೆ. ಎಲ್ಲೆಲ್ಲೋ ನುಡಿಸಿದ್ದಳು, ನಮ್ಮ ಸೀಮೆಯಲ್ಲಿ ಮಾತ್ರ ಅದೇ ಮೊದಲು. ಹಂಪಿಯ ಒಂದು ಗೆಸ್ಟ್‌ಹೌಸಿನ ಅಂಗಳದಲ್ಲಿ. ಅವಳಪ್ಪ, ಅಂದರೆ ನನ್ನ ಭಾವ, ತೋರಣಗಲ್ಲಿನಲ್ಲಿ ಎಂಜಿನಿಯರ್. "ಬಾರಿಸೋದೂ ಒಂದು ಕೆಲಸಾನ?" ಎನ್ನುವ ಮನುಷ್ಯ. ಮಗಳ ಒಂದು ಕಾರ್ಯಕ್ರಮಕ್ಕೂ ಹೋದವರಲ್ಲ. ಈ ಸಲ ಶಿಫ್ಟ್ ಬದಲಿಸಿಕೊಂಡು ಬರುತ್ತೇನೆ ಎಂದಿದ್ದರು. ಅಂದಿನಿಂದ ಹುಡುಗಿಗೆ ಊಟ ಸೇರುತ್ತಿರಲಿಲ್ಲ.

"ಬೆರೆಸೋದು ಅಂದ್ರ ಹೆಂಗವ್ವಾ? ಚಿತ್ರಾನ್ನಕ್ಕ ಮೊಸರನ್ನ ಕಲಸಿದಂಗ?" ಎಂದು ಕೇಳಿದೆ.

"ಅಲ್ಲ ಮಾಮಾ. ಜಾಝ್ ಅಂದ್ರ ಆ ಹೊತ್ತಿಗೆ ಏನು ಹೊಳೀತೈತಿ ಅದನ್ನ ಹಿಡ್ಕೊಂಡು ನುಡಿಸೋದು. ಫ್ಲಮೆಂಕೊ ಸ್ಪೇನ್ ಕಡೀದು. ಚಪ್ಪಾಳಿ, ಹಿಮ್ಮಡಿ ಬಡಿತ, ಭಾಳ ಬಿರುಸು. ನಾನು ಎರಡೂ ಒಂದ ಪಿಯಾನೊದಾಗ ಕೂಡಸ್ತೀನಿ."

"ತಿಳೀತು," ಎಂದೆ. ತಿಳಿದಿರಲಿಲ್ಲ.

ಬೆಂಗಳೂರಿನಿಂದ ಬಾಡಿಗೆ ಪಿಯಾನೊ ಒಂದು ದಿನ ಮೊದಲೇ ಬರುವುದಿತ್ತು. ಹಂಪಿಯ ಬಯಲಲ್ಲಿ ಬಿಟ್ಟರೆ ಮಂಗಗಳೇ ಕಾರ್ಯಕ್ರಮ ಶುರುಮಾಡುತ್ತವೆ. "ಕಂಪ್ಲಿಗೆ ತರಿಸು. ನನ್ನ ರೈಸ್‌ಮಿಲ್ಲಿನಾಗ ಇಡೋಣು. ಹಂಪಿಗೆ ಮುಟ್ಟಿಸೋ ಜವಾಬ್ದಾರಿ ನಂದು!" ಎಂದು ಎದೆ ತಟ್ಟಿಕೊಂಡೆ. ನನ್ನನ್ನು ಯಾರೂ ಕೇಳಿರಲಿಲ್ಲ!

ಪಿಯಾನೊ ತಂದ ಇಬ್ಬರು ಅದರ ಕಾಲು ಕಳಚಿ, ಕಂಬಳಿ ಸುತ್ತಿ ತಂದಿದ್ದರು. ಹಂಗೇ ಇಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಓಣಿಯವರು ನೋಡಬೇಡವೇ? ಮರುದಿನ ಹಟ ಹಿಡಿದು ಮಿಲ್ಲಿನ ಅಂಗಳದಲ್ಲಿ ಕಾಲು ಜೋಡಿಸಿ ನಿಲ್ಲಿಸುವಂತೆ ಮಾಡಿದೆ. ಮೂರು ಕಾಲು, ಮೂರು ಗಾಲಿ. ಗಾಲಿಗಳಿಗೆ ಮರದ ತುಂಡು ಕೊಟ್ಟು ಅವರು ಊಟಕ್ಕೆ ಹೋದರು. ಸರೋಜ ಪೂಜೆಯ ತಟ್ಟೆ ಹಿಡಿದು ಬಂದಳು.

"ಹುಡುಗಿ ಮೊದಲನೇ ಸಲ ನಮ್ಮ ಕಡೆ ಬಾರಿಸಾಕತ್ಯಾಳ. ಪೂಜಿ ಇಲ್ಲದ ಹೆಂಗ ಕಳಸ್ತೀರಿ?"

"ಲೇ, ಇದಕ್ಕ ಎಂಜಿನ್ ಇಲ್ಲ!"

"ಗಾಲಿ ಅದಾವಲ್ಲ!"

ಈ ತರ್ಕಕ್ಕೆ ತಲೆಬಾಗಿ ನಾನೇ ಕರ್ಪೂರ ಹಚ್ಚಿದೆ. ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ ಎಲ್ಲವೂ ಶಾಸ್ತ್ರೋಕ್ತವಾಗಿ ನಡೆದವು. ಆಯುಧಪೂಜೆಗೆ ಲಾರಿಯ ಬಾನೆಟ್ ಎತ್ತುವ ರೂಢಿ. ಅದರಂತೆ ಪಿಯಾನೊದ ದೊಡ್ಡ ಮುಚ್ಚಳ ಎತ್ತಿ ನಿಲ್ಲಿಸಿದೆ. ಮಿಲ್ಲಿನ ಹಮಾಲರಲ್ಲೊಬ್ಬನಾದ ಹುಲುಗಪ್ಪ ಮೂರು ಗಾಲಿಗೂ ಮೂರು ನಿಂಬೆಹಣ್ಣು ಇಟ್ಟ. ನಾನು ಸ್ವಹಸ್ತದಿಂದ ಮರದ ತುಂಡುಗಳನ್ನು ತೆಗೆದೆ.

ಮಳೆನೀರು ನಿಲ್ಲಬಾರದೆಂದು ಆ ಅಂಗಳಕ್ಕೆ ಇಳಿಜಾರು ಕೊಡಿಸಿದವನೂ ನಾನೇ.

"ಮೆಲ್ಲಕ ನೂಕ್ರಲೇ!" ಎಂದೆ. ಪಚ್! ಪಚ್! ಪಚ್! ಮೂರೂ ಹಣ್ಣು ಅಪ್ಪಚ್ಚಿ. ಪಿಯಾನೊ ಮಾತ್ರ ನಿಲ್ಲಲಿಲ್ಲ.

"ಸಾವ್ಕಾರ್ರೇ, ಬ್ರೇಕ್ ಎಲ್ಲೈತ್ರೀ?" ಹುಲುಗಪ್ಪ ಕೂಗಿದ.

ಲಾರಿಯಾದರೆ ಒಳಗೊಬ್ಬ ಡ್ರೈವರ್ ಇರುತ್ತಾನೆಂಬುದು ನನಗೆ ಆಗ ಹೊಳೆಯಿತು. ಹಾರ ಹಾಕಿಕೊಂಡ ಪಿಯಾನೊ ಮದುಮಗನಂತೆ ಗಂಭೀರವಾಗಿ ಹೊರಟು, ವೇಗ ಹೆಚ್ಚಿಸಿಕೊಂಡು, ಅಂಗಳದ ತುದಿಯ ಸೋನಾ ಮಸೂರಿ ಭತ್ತದ ರಾಶಿಗೆ ನುಗ್ಗಿತು. ನಾವು ಹಿಂದೆ ಓಡಿದೆವು.

"ಒಂದು ಗೀರೂ ಬಿದ್ದಿಲ್ಲ!" ಎಂದು ಕುಣಿದೆ. ಆಮೇಲೆ ಒಳಗೆ ಬಗ್ಗಿ ನೋಡಿದೆ. ರಾಶಿ ಕುಸಿದು, ತೆರೆದ ಬಾಯಿಗೆ ಭತ್ತ ತುಂಬಿತ್ತು!

ಬೊಗಸೆಯಲ್ಲಿ ತೋಡಿದೆವು, ಚೊಂಬಿನಲ್ಲಿ ತೋಡಿದೆವು. ತಂತಿಗಳ ಸಂದಿಯಲ್ಲಿ ಉಳಿದದ್ದಕ್ಕೆ ನಾನು ಮಿಲ್ಲಿನ ಧೂಳು ಊದುವ ಬ್ಲೋವರ್ ತಂದೆ. ಎಂಥ ಬುದ್ಧಿ! ಕಾಣುತ್ತಿದ್ದ ಕಾಳುಗಳೆಲ್ಲ ಮಾಯವಾದವು. ಕಾಣದ ಕಡೆ ಹೋಗಿ ಕುಂತಿದ್ದವು ಎಂಬುದು ಸಂಜೆ ತಿಳಿಯಿತು.

"ಸಹನಾಗ ಫೋನ್ ಮಾಡಿ ಹೇಳ್ರಿ," ಎಂದಳು ಸರೋಜ.

"ಬ್ಯಾಡ. ಹುಡುಗಿ ಹೆದರ್ತಾಳ."

"ಹುಡುಗಿ ಹೆದರ್ತಾಳೋ, ನೀವು ಹೆದರೀರೋ?"

ಅದು ಅಪ್ರಸ್ತುತ ಪ್ರಶ್ನೆ ಎಂದು ತಳ್ಳಿಹಾಕಿದೆ.

ಊಟ ಮುಗಿಸಿ ಬಂದ ಆ ಇಬ್ಬರಿಗೂ ಏನೂ ಹೇಳದೆ ಪಿಯಾನೊವನ್ನು ಲಾರಿಗೆ ಏರಿಸಿದೆವು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಹಾಕಿಕೊಂಡು, ಹಂಪಿ ಮುಟ್ಟುವ ಹೊತ್ತಿಗೆ ಕುರ್ಚಿಗಳು ತುಂಬಿದ್ದವು. ಪಿಯಾನೊ ಪರೀಕ್ಷಿಸಲೂ ಸಹನಾಳಿಗೆ ಸಮಯ ಸಿಗಲಿಲ್ಲ. ಭಾವ ಮೊದಲ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದರು.

ಮೊದಲು ಮೆಲ್ಲಗೆ ನುಡಿಸಿದಳು, ಸೊಗಸಾಗಿತ್ತು. ನಾನು ಉಸಿರು ಬಿಟ್ಟೆ. ಆಮೇಲೆ ಸ್ಪೇನ್ ದೇಶ ಬಂತು. ಎಡಗೈಯಿಂದ ಜೋರಾಗಿ ಒಂದು ಏಟು ಹಾಕಿದಳು.

ಝರ್‌ರ್‌ರ್!

ನಿಲ್ಲಿಸಿದಳು. ಬೆರಳಡಿಯ ಅದೇ ಸ್ವರದ ಮನೆಯನ್ನು ಮತ್ತೆ ಒತ್ತಿದಳು. ಝರ್‌ರ್! ಭಾವ ಹುಬ್ಬು ಗಂಟಿಕ್ಕಿದರು. ಹುಡುಗಿ ಅಪ್ಪನನ್ನು ನೋಡಿದಳು, ಆಮೇಲೆ ಅಷ್ಟು ಜನರ ನಡುವೆ ನೆಟ್ಟಗೆ ನನ್ನನ್ನೇ ನೋಡಿದಳು. ನನಗೆ ನಿಜವಾಗಿಯೂ ಅಳು ಬಂತು. ಅವಳು ಎಷ್ಟೋ ವರ್ಷ ಕಾದಿದ್ದ ಸಂಜೆಯನ್ನು ನಾನು ಹಾಳು ಮಾಡಿದ್ದೆ. ಕೂತಲ್ಲೇ ಕೈ ಮುಗಿದೆ.

ಅವಳ ತುಟಿಯಂಚಿನಲ್ಲಿ ನಗು ಮೂಡಿತು. ಅದೇ ಮನೆಯನ್ನು ಮತ್ತೆ ಒತ್ತಿದಳು, ಬೇಕೆಂದೇ! ಝರ್, ಝರ್, ಝರ್‌ರ್! ಬಲಗೈ ಅದರ ಮೇಲೆ ಎಲ್ಲೆಲ್ಲೋ ಓಡಿತು, ಹಿಮ್ಮಡಿ ನೆಲ ಬಡಿಯಿತು. ಜನ ತಾವಾಗಿಯೇ ಚಪ್ಪಾಳೆ ಹಿಡಿದರು. ಹೊಳೆದದ್ದನ್ನು ಹಿಡಿದುಕೊಂಡು ನುಡಿಸುವುದೆಂದರೆ ಏನೆಂದು ನನಗೆ ಆಗ ತಿಳಿಯಿತು. ಒಂದು ಕಾಳು ಸಿಡಿದು ಭಾವನ ತೊಡೆಗೆ ಬಿತ್ತು. ಅವರು ಅದನ್ನೆತ್ತಿ ಹಲ್ಲಲ್ಲಿ ಕಡಿದು ನೋಡಿ, ನನ್ನತ್ತ ಒಮ್ಮೆ ತಿರುಗಿ, ಚಪ್ಪಾಳೆಗೆ ಸೇರಿಕೊಂಡರು.

"ಮಸ್ತ್ ಬಾರಿಸಿದಿ ಅವ್ವಾ," ಎಂದರು ಕೊನೆಗೆ ಮಗಳ ತಲೆಯ ಮೇಲೆ ಕೈಯಿಟ್ಟು. "ಆ ಝರ್ ಅಂತಿತ್ತಲ್ಲ, ಅದು ಭಾಳ ಹಿಡಿಸ್ತು."

"ಅದರ ಹಿಂದ ನಮ್ಮ ಶ್ರಮ ಭಾಳ ಐತ್ರಿ ಭಾವಾ," ಎಂದೆ. ಸರೋಜ ಚಿವುಟಿದಳು.

ಮುಂದಿನ ವಾರ ಸಹನಾಳ ಫೋನ್ ಬಂತು. "ಮಾಮಾ, ಗೋವಾದಾಗ ಪ್ರೋಗ್ರಾಂ ಐತಿ. ಅದ ಸೌಂಡ್ ಬೇಕಂತ. ಅದ ಸೋನಾ ಮಸೂರಿ ಭತ್ತ ಕಳಸ್ತೀರೇನು?"

"ಕಳಸೋದ್ಯಾಕವ್ವಾ? ನಾನ ಹೊತ್ಕೊಂಡು ಬರ್ತೀನಿ!"

ಆ ಕಡೆಯಿಂದ ತಟ್ಟನೆ ಉತ್ತರ ಬಂತು.

"ಭತ್ತ ಸಾಕು ಮಾಮಾ. ನೀವು ಬರಬ್ಯಾಡ್ರಿ."

ಮೊನ್ನೆ ಚೀಲ ಗೋವಾ ಕಡೆಗೆ ಹೊರಟಿತು. ಸರೋಜ ಅದಕ್ಕೆ ಕುಂಕುಮ ಹಚ್ಚಿ ಹಾರ ಹಾಕಿದಳು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಅದಕ್ಕೆ ಟಾಟಾ ಮಾಡಿದವನು ನಾನು.