ಮಂತ್ರಕ್ಕೂ ವೋಲ್ಟೇಜ್ ಬೇಕಲ್ಲಮ್ಮಾ!

ನಮ್ಮ ಸೋದರಮಾವ ಒಂದು ದೊಡ್ಡ ರಾಜ್ಯವನ್ನು ಆಳುತ್ತಾರೆ ಎಂದರೆ ನೀವು ನಂಬುವುದಿಲ್ಲ. ಅದಕ್ಕೇನು, ನಮ್ಮತ್ತೆಯೂ ನಂಬುವುದಿಲ್ಲ! "ಕೊತ್ತಂಬರಿ ತನ್ನಿ ಅಂದ್ರೆ ಕರಿಬೇವು ತರೋರು, ರಾಜ್ಯ ಆಳ್ತಾರಂತೆ" ಎಂದು ನೆಲಮಂಗಲದ ಆ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿರುತ್ತಾರೆ. ಮಾವನಿಗೆ ಅದು ಕಿವಿಗೇ ಬೀಳುವುದಿಲ್ಲ. ಅವರು ಜಗುಲಿಯ ಮೇಲೆ ಕೂತು, ತಮ್ಮ ರಾಜ್ಯದಲ್ಲಿ ಕತ್ತರಿಯನ್ನು ಕಂಡುಹಿಡಿಯಲು ಅನುಮತಿ ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಿರುತ್ತಾರೆ.

ಇದೆಲ್ಲ ಶುರುವಾಗಿದ್ದು ನನ್ನಿಂದಲೇ. ಮಾವ ಜೀವಮಾನವೆಲ್ಲ ಲೈನ್‌ಮನ್ ಆಗಿದ್ದವರು. ತ್ಯಾಮಗೊಂಡ್ಲಿನಿಂದ ದಾಬಸ್‌ಪೇಟೆಯ ತನಕ ಅವರು ಹತ್ತದ ವಿದ್ಯುತ್ ಕಂಬವಿಲ್ಲ. ನಿವೃತ್ತರಾದ ಹೊಸತರಲ್ಲಿ ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿ ನನ್ನ ಮಗಳಿಗೆ ಕಥೆ ಹೇಳುತ್ತಿದ್ದೆ. ಮಂತ್ರ ಹೇಳಿದರೆ ಹಾರುವ ಮಂಚದ ಕಥೆ. ಮಾವ ಪೇಪರ್ ಕೆಳಗಿಟ್ಟರು.

"ಆ ಮಂತ್ರ ಎಲ್ಲಿಂದ ಬರತ್ತಮ್ಮಾ?"

"ಮಂತ್ರವಾದಿ ಬಾಯಿಂದ, ಮಾವ."

"ಬಾಯಿಂದ ಬರೋದು ಮಾತು. ಶಕ್ತಿ ಎಲ್ಲಿಂದ ಬರತ್ತೆ? ಎಷ್ಟು ಊರಿಗೆ ಸಪ್ಲೈ? ಲೈನಿನ ಕೊನೇಲಿರೋ ಊರಿಗೂ ಅಷ್ಟೇ ಬರತ್ತಾ? ಮಂತ್ರಕ್ಕೂ ವೋಲ್ಟೇಜ್ ಬೇಕಲ್ಲಮ್ಮಾ!"

ಮಗಳು ನಿದ್ದೆ ಹೋದಳು. ಮಾವ ಎಚ್ಚೆತ್ತರು!

ಅಂದಿನಿಂದ ಮಾವ ಕಾದಂಬರಿ ಹೇಳುವುದು, ನಾನು ಪ್ರತಿ ಭಾನುವಾರ ಹೋಗಿ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವುದು. ವಾರವಿಡೀ ಶಾಲೆಯಲ್ಲಿ ಮಕ್ಕಳಿಗೆ ಉಕ್ತಲೇಖನ ಕೊಡುವ ನನಗೆ ಭಾನುವಾರ ಮಾವನಿಂದ ಉಕ್ತಲೇಖನ!

ಅವರ ರಾಜ್ಯದ ಕಾನೂನು ಇಷ್ಟೇ. ಮಂತ್ರಶಕ್ತಿ ಹುಟ್ಟುವುದು ರಾಜಧಾನಿಯ ಬೆಟ್ಟದಲ್ಲಿ. ಅಲ್ಲಿಂದ ದೂರ ಹೋದಷ್ಟೂ ಅದು ಸೊರಗುತ್ತದೆ. ರಾಜಧಾನಿಯಲ್ಲಿ ಮಂಚ ಹಾರುತ್ತದೆ. ಕೊನೆಯೂರು ಎಂಬ ಹಳ್ಳಿಯಲ್ಲಿ ಅದೇ ಮಂತ್ರಕ್ಕೆ ಮಂಚ ಒಂದು ಗೇಣು ಎದ್ದು, ನಡುಗಿ, ಧೊಪ್ಪನೆ ಬೀಳುತ್ತದೆ. ಹಾಗಾಗಿ ರಾಜಧಾನಿಯವರು ಏನನ್ನೂ ಕಂಡುಹಿಡಿದಿಲ್ಲ. ಚಕ್ರ ಇಲ್ಲ, ಮೆಟ್ಟಿಲಿಲ್ಲ, ಪೊರಕೆ ಕೂಡ ಇಲ್ಲ. ಯಾಕೆ ಬೇಕು? ಕೊನೆಯೂರಿನವರಿಗೆ ಬೇರೆ ಗತಿಯಿಲ್ಲ. ಅಲ್ಲಿ ರಾಟೆ ಇದೆ, ಸೈಕಲ್ ಇದೆ, ನೀರೆತ್ತುವ ಪಂಪು ಇದೆ. ಆದರೆ ಸೂಜಿ ಇಲ್ಲ!

"ಪಂಪು ಮಾಡಿದೋರಿಗೆ ಸೂಜಿ ಮಾಡೋಕೆ ಬರಲ್ವಾ ಗುರು?" ಎಂದು ಕೇಳಿದವರು ಭಾಯ್.

ಭಾಯ್ ಎಂದರೆ ಮಾವನ ಹಳೆಯ ಗೆಳೆಯರು. ಪೇಟೆಯಲ್ಲಿ ಅವರದ್ದು ಸುಟ್ಟುಹೋದ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ. ಭಾನುವಾರ ಚಹಾ ಹೊತ್ತಿಗೆ ಬಂದು, ಮಾವನ ಎದುರಿನ ಕುರ್ಚಿಯಲ್ಲಿ ಕೂತು, ಪ್ರತಿ ಅಧ್ಯಾಯಕ್ಕೂ ತಕರಾರು ತೆಗೆಯುವುದೇ ಅವರ ಕೆಲಸ.

"ಬಟ್ಟೆ ಹೊಲಿಯೋ ಮಂತ್ರಕ್ಕೆ ಕಮ್ಮಿ ವೋಲ್ಟೇಜ್ ಸಾಕು ಭಾಯ್. ಕೊನೆಯೂರಲ್ಲೂ ನಡೆಯತ್ತೆ. ಅದಕ್ಕೇ ಸೂಜಿ ಹುಟ್ಟಿಲ್ಲ" ಎಂದರು ಮಾವ.

"ವೋಲ್ಟೇಜ್ ಮಧ್ಯದಲ್ಲಿ ಬಿದ್ಹೋದ್ರೆ?"

ಮಾವ ತುಸು ಯೋಚಿಸಿ ನನ್ನ ಕಡೆ ತಿರುಗಿದರು. "ಬರ್ಕೊಳಮ್ಮ. ಕೊನೆಯೂರಿನ ಗಂಡಸರ ಅಂಗಿಗೆಲ್ಲಾ ಒಂದೇ ತೋಳು."

ಮಾವನ ಕುತೂಹಲ ಜಗುಲಿಯಲ್ಲೇ ಕೂತಿದ್ದರೆ ಅತ್ತೆ ಸಹಿಸುತ್ತಿದ್ದರೇನೋ. ಅದು ಮದುವೆಮನೆಗೂ ಬರುತ್ತಿತ್ತು! ತ್ಯಾಮಗೊಂಡ್ಲಿನ ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯವರು ಊಟಕ್ಕೆ ಎಬ್ಬಿಸಲು ಹುಡುಕಿದರೆ ಮಾವ ಕಾಣಿಸಲಿಲ್ಲ. ನೋಡಿದರೆ ಹಿತ್ತಲಿನ ಒಲೆಗಳ ನಡುವೆ ನಿಂತು ಬೆವರುತ್ತಾ ಮುಖ್ಯ ಅಡುಗೆಯವನನ್ನು ವಿಚಾರಿಸುತ್ತಿದ್ದರು.

"ಮಂತ್ರದಿಂದಲೇ ಅಡುಗೆ ಆಗೋದಾದ್ರೆ ನೀನು ಮೊದಲು ಏನು ಬಿಸಾಕ್ತೀಯಪ್ಪಾ?"

ಸಾಂಬಾರಿನ ಹಂಡೆ ಕುದಿಯುತ್ತಿತ್ತು. ಬೇರೆಯವನಾಗಿದ್ದರೆ ಮಾವನನ್ನೇ ಬಿಸಾಕುತ್ತಿದ್ದ. ಈತ ನಿಜವಾಗಿಯೂ ಯೋಚಿಸಿದ! "ಸೌದೆ ಬಿಸಾಕ್ತೀನಿ ಸ್ವಾಮಿ. ಸೌಟು ಮಾತ್ರ ಬಿಡಲ್ಲ. ಉಪ್ಪು ನೋಡೋರು ಯಾರು?"

ಮುಂದಿನ ಭಾನುವಾರ, ಚಕ್ರವೂ ಇಲ್ಲದ ರಾಜಧಾನಿಗೆ ಒಂದು ಸೌಟು ಮಂಜೂರಾಯಿತು.

ಕಷ್ಟ ಬಂದದ್ದು ರಾಟೆಯವ್ವನಿಂದ. ರಾಟೆಯವ್ವ ಕೊನೆಯೂರಿನ ಮುದುಕಿ. ಆ ಊರಿನ ರಾಟೆ, ಸೈಕಲ್ಲು, ಪಂಪು ಎಲ್ಲ ಅವಳ ಕೈಯಲ್ಲೇ ಹುಟ್ಟಿದ್ದು. ಆಕೆಗೆ ಎದೆನೋವು ಬಂತು. ಕಾಯಿಲೆ ವಾಸಿ ಮಾಡುವ ಮಂತ್ರಕ್ಕೆ ಎಲ್ಲಕ್ಕಿಂತ ಹೆಚ್ಚು ಶಕ್ತಿ ಬೇಕು. ಅದು ರಾಜಧಾನಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕರೆದುಕೊಂಡು ಹೋಗೋಣವೆಂದರೆ ರಸ್ತೆಯೇ ಇಲ್ಲ. ಹಾರಾಡುವವರು ಯಾರಾದರೂ ರಸ್ತೆ ಮಾಡುತ್ತಾರೆಯೇ?

"ಹೇಗಾದ್ರೂ ಉಳಿಸಿ ಮಾವ. ರಾಜ್ಯ ನಿಮ್ಮದೇ ತಾನೆ!" ಎಂದೆ ನಾನು.

"ರಾಜ್ಯ ನನ್ದಾದ್ರೇನು? ಲೈನಿಲ್ದೆ ಕರೆಂಟ್ ಕೊಡೋಕಾಗತ್ತಾ?"

ಭಾಯ್ ಮಾವನಿಗಿಂತ ಒಂದು ಕೈ ಮೇಲು. "ಉಳಿಸ್ಬೇಡ ಗುರು. ಇವತ್ತು ಅವಳಿಗೋಸ್ಕರ ರೂಲ್ ಮುರಿದ್ರೆ, ಇಲ್ಲೀವರೆಗೆ ಹೇಳಿದ್ದೆಲ್ಲ ಸುಳ್ಳಾಗೋಗತ್ತೆ."

ಮೂರು ಭಾನುವಾರ ರಾಟೆಯವ್ವ ಹಾಗೇ ಮಲಗಿದ್ದಳು. ಮಾವ ಒಂದು ಸಾಲೂ ಹೇಳಲಿಲ್ಲ. ನಾಲ್ಕನೆಯ ಭಾನುವಾರ ಭಾಯ್ ಬರಲಿಲ್ಲ. ಅಂಗಡಿಯಲ್ಲಿ ಮೋಟಾರ್ ಎತ್ತುವಾಗ ಎದೆ ಹಿಡಿದುಕೊಂಡು ಕೂತುಬಿಟ್ಟರಂತೆ. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಗುರುವಾರ ಬೆಳಿಗ್ಗೆ ಹೃದಯದ ಆಪರೇಷನ್ ಎಂದರು.

ಬುಧವಾರ ನಾನೂ ಮಾವನೂ ಬಸ್ಸು ಹತ್ತಿದೆವು. ಪ್ರಪಂಚದ ಯಾವ ವಸ್ತುವನ್ನು ಕಂಡರೂ "ಇದು ಯಾಕಿದೆ?" ಎಂದು ಕೇಳುವ ಮನುಷ್ಯ ದಾರಿಯುದ್ದಕ್ಕೂ ಏನೂ ಕೇಳಲಿಲ್ಲ.

ಭಾಯ್ ಹಾಸಿಗೆಯ ಮೇಲೆ ಚಿಕ್ಕವರಾಗಿ ಕಂಡರು. ಅವರ ಹೆಂಡತಿ ಎದ್ದು ಮಾವನಿಗೆ ಸ್ಟೂಲು ಬಿಟ್ಟುಕೊಟ್ಟರು. ಭಾಯ್ ಕೇಳಿದರು:

"ಗುರು, ಆ ಮುದುಕಿ ಏನಾದ್ಳು?"

"ಉಳ್ಕೊಂಡ್ಳು" ಎಂದರು ಮಾವ.

ನಾನು ಬೆಚ್ಚಿ ಅವರ ಮುಖ ನೋಡಿದೆ. ಟೈಪ್ ಮಾಡುವವಳು ನಾನು! ನನಗೇ ಗೊತ್ತಿಲ್ಲದ ಸುದ್ದಿ!

"ಹೆಂಗೆ? ಲೈನ್ ಇಲ್ವಲ್ಲ?"

"ಬಟ್ಟೆ ಹೊಲಿಯೋಷ್ಟು ಬರ್ತಿತ್ತಲ್ಲ, ಅದೇ ಲೈನು. ರಾಜಧಾನೀಲಿ ಎಲ್ರೂ ಒಂದು ಗಳಿಗೆ ಮಂತ್ರ ನಿಲ್ಲಿಸಿದ್ರು ಕಣೋ. ಹಾರ್ತಿದ್ದ ಮಂಚ ಎಲ್ಲಾ ಕೆಳಗಿಳಿಸಿದ್ರು, ದೀಪ ಆರಿಸಿದ್ರು, ಒಲೆ ಆರಿಸಿದ್ರು. ಅಷ್ಟೂ ಶಕ್ತಿ ಕೊನೆಯೂರಿಗೆ ಹರೀತು."

ಭಾಯ್ ಕಣ್ಣು ಕಿರಿದು ಮಾಡಿದರು. ತಕರಾರು ತೆಗೆಯುವಾಗ ಅವರು ಹಾಗೇ ಮಾಡುವುದು.

"ರಾಜಧಾನಿಯವರಿಗೆ ಕೊನೆಯೂರು ಎಲ್ಲಿದೆ ಅಂತಾನೇ ಗೊತ್ತಿಲ್ಲ. ನಿಲ್ಲಿಸಿ ಅಂತ ಅವರಿಗೆ ಹೇಳಿದ್ದು ಯಾರು?"

ಇಷ್ಟು ವರ್ಷ ಆ ರಾಜ್ಯದ ಸೂಜಿ, ಸೌಟುಗಳಿಗೆಲ್ಲ ಕಾರಣ ಕೊಟ್ಟ ಮನುಷ್ಯ ಗೆಳೆಯನ ಕೈಮೇಲೆ ಕೈಯಿಟ್ಟು ಹೇಳಿದರು:

"ನಾನೇ ಹೋಗಿ ಹೇಳ್ದೆ ಭಾಯ್. ಒಂದೊಂದು ಮನೆಗೂ ಹೋಗಿ ಕೇಳ್ಕೊಂಡೆ."

ಭಾಯ್ ತಕರಾರು ತೆಗೆಯಲಿಲ್ಲ. "ಹಂಗಾದ್ರೆ ಸರಿ" ಎಂದು ಕಣ್ಣು ಮುಚ್ಚಿದರು.

ಆಪರೇಷನ್ ಸರಿಯಾಗಿ ಆಯಿತು. ಭಾಯ್ ಮನೆಗೆ ಬಂದು ವಾರವಾದ ಮೇಲೆ ನಾವೇ ಅಲ್ಲಿಗೆ ಹೋದೆವು. ನಾನು ಹೊಸ ಅಧ್ಯಾಯ ಓದಿದೆ. ಮಂಚಗಳು ಇಳಿದವು, ದೀಪಗಳು ಆರಿದವು, ರಾಟೆಯವ್ವ ಎದ್ದು ಕೂತಳು. ಮನೆ ಮನೆಗೆ ಹೋಗಿ ಕೇಳಿಕೊಂಡವನು ಯಾರೋ ಒಬ್ಬ ಮುದುಕ ಎಂದಷ್ಟೇ ಮಾವ ಬರೆಸಿದ್ದರು, ಹೆಸರಿಲ್ಲ. ಓದಿ ಮುಗಿಸಿ ನಾನು ತಕರಾರಿಗೆ ಕಾದೆ.

"ಎದ್ದು ಕೂತ್ಳು, ಸರಿ" ಎಂದರು ಭಾಯ್. ದನಿ ಇನ್ನೂ ಸಣ್ಣಗಿತ್ತು. "ತಿನ್ನೋಕೆ ಯಾರೂ ಏನೂ ಕೊಡ್ಲಿಲ್ವಾ ಗುರು?"

ಮಾವ ಬೇಗ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಂಡರು. ಒರೆಸಿದ್ದು ಕನ್ನಡಕವನ್ನಲ್ಲ.

"ಬರ್ಕೊಳಮ್ಮ" ಎಂದರು ನನಗೆ. "ಗಂಜಿ. ಬಿಸಿ ಗಂಜಿ."