ಎಡತೋಳಿನ ಕೊಟ್ರೇಶ

ಈ ಮನೆಯಲ್ಲಿ ನನ್ನ ತಾಂತ್ರಿಕ ಜ್ಞಾನಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಹಿರೇಕೆರೂರಿನ ಸೊಸೈಟಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವ ನನ್ನನ್ನು ಊರೆಲ್ಲ 'ಹಾಲೇಶ ಸರ್' ಎನ್ನುತ್ತದೆ. ಮನೆಯಲ್ಲಿ ಮಾತ್ರ ನಾನು ಗ್ಯಾಸ್ ಸಿಲಿಂಡರ್ ಎತ್ತಿಡಲಿಕ್ಕೆ ಇರುವವ.

ನನ್ನ ಹೆಂಡತಿ ವಿದ್ಯಾಶ್ರೀ ಪಡಸಾಲೆಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನ್ ಇಟ್ಟುಕೊಂಡು ಮದುವೆಯ ಬ್ಲೌಸುಗಳಿಗೆ ಜರಿ ಕೆಲಸ ಮಾಡುತ್ತಾಳೆ. ಮದುಮಗಳ ಎಡತೋಳಿನ ಮೇಲೆ ಮದುಮಗನ ಹೆಸರು ಹಾಕಿಸುವ ಹುಚ್ಚು ಈಗ ಎದ್ದಿದೆಯಲ್ಲ, ಹಾಗಾಗಿ ಅವಳಿಗೆ ಕೈತುಂಬ ಕೆಲಸ. ಆದರೆ ಡಿಸೈನುಗಳೆಲ್ಲ ಇರುವುದು ಒಂದೇ ಕಂಪ್ಯೂಟರಿನಲ್ಲಿ. ಅದು ಕೈಕೊಟ್ಟರೆ? ಈ ಪ್ರಶ್ನೆ ಹುಟ್ಟಿದ್ದು ನನ್ನ ತಲೆಯಲ್ಲಿ. (ತಲೆ ಇದ್ದವರಿಗೆ ಹುಟ್ಟುತ್ತದೆ.) ಡಿಸ್ಕಿನಲ್ಲಿ ಇರುವುದನ್ನೆಲ್ಲ ಇದ್ದಹಾಗೇ ಹಿಡಿದಿಡುವುದಕ್ಕೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಅದನ್ನು ದಿನಾ ಹೊತ್ತಿಗೆ ಸರಿಯಾಗಿ, ಯಾರೂ ಹೇಳದೆ, ತಾನೇ ತೆಗೆಯುವ ಸಾಫ್ಟ್‌ವೇರ್ ಒಂದನ್ನು ಹಾಕತಕ್ಕದ್ದು ಎಂದು ನಾನು ರಾಜಾಜ್ಞೆ ಹೊರಡಿಸಿದೆ.

ಆಯ್ಕೆಗೆ ಕೂತೆ. ವಿಡಿಯೋ ನೋಡಿದೆ, ಪುಕ್ಕಟೆಯವನ್ನು ಹಾಕಿ ನೋಡಿದೆ, ತೆಗೆದೆ, ಮತ್ತೆ ಹಾಕಿದೆ. ಆ ದಿನಗಳಲ್ಲಿ ಹೆಂಡತಿ ಏನೇನೋ ಹೇಳುತ್ತಿದ್ದಳು. ನಾನು ಸ್ಕ್ರೀನಿನಿಂದ ಕಣ್ಣು ತೆಗೆಯದೆ 'ಹೂಂ' ಎನ್ನುತ್ತಿದ್ದೆ. ಕಡೆಗೆ ಕಣದಲ್ಲಿ ಎರಡು ಉಳಿದವು. ಒಂದು, ಕಳೆದುಹೋದ ಫೈಲನ್ನಷ್ಟೇ ಹುಡುಕಿ ತರುವ ಸಾಧು ಪ್ರಾಣಿ. ಇನ್ನೊಂದು, ಒಂದೇ ಗುಂಡಿ ಒತ್ತಿದರೆ ಇಡೀ ಡಿಸ್ಕನ್ನು ನೀವು ಹೇಳಿದ ದಿನಕ್ಕೆ ಎಳೆದೊಯ್ಯುವ ಮಹಾಪರಾಕ್ರಮಿ.

"ಬೇಕಾದದ್ದು ಒಂದ ತಗಿಯೂದು ಛಲೋ ಅಲ್ರೀ?" ಎಂದಳು ವಿದ್ಯಾಶ್ರೀ. "ಒಂದು ರೊಟ್ಟಿ ಹೊತ್ತಿದ್ರ ಬುಟ್ಟೀನ ತಿಪ್ಪಿಗೆ ಹಾಕ್ತಾರೇನು?"

"ರೊಟ್ಟಿ ಬ್ಯಾರೆ, ಡಿಸ್ಕ್ ಬ್ಯಾರೆ. ನಿನಗ ತಿಳಿಯೂದಿಲ್ಲ, ಸುಮ್ನಿರು."

"ತಿಳೀದಿದ್ರ ಇರ್ಲಿ. ನನ್ನ ಫೈಲಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ."

ಇಡೀ ಸೊಸೈಟಿಯ ಲೆಕ್ಕ ಕಾಯುವ ನನಗೆ ಈ ಮಾತು! ಸಿಟ್ಟಿನಲ್ಲೇ ಮಹಾಪರಾಕ್ರಮಿಯನ್ನು ಹಾಕಿದೆ.

ಸ್ನ್ಯಾಪ್‌ಶಾಟುಗಳು ದಿನಾ ಒಂದರ ಮೇಲೊಂದು ಕೂತು ಡಿಸ್ಕ್ ತುಂಬಿತು. (ಹೀಗಾಗುತ್ತದೆಂದು ವಿಡಿಯೋದವನು ಬಾಯಿ ಬಿಟ್ಟಿರಲಿಲ್ಲ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.) ಒಂದು ಭಾನುವಾರ ಅವಳು ಹಾನಗಲ್ಲಿನ ತಂಗಿಯ ಮನೆಗೆ ಹೋದಾಗ, ಜಾಗ ಮಾಡೋಣವೆಂದು ಹಳೆಯದಾಗಿ ಕಂಡದ್ದನ್ನೆಲ್ಲ ಅಳಿಸಿದೆ. ಅದರ ಜೊತೆ ಅವಳು ಜೀವದಂತೆ ಕಾಪಾಡಿಕೊಂಡಿದ್ದ ನವಿಲಿನ ಡಿಸೈನೂ ಹೋಯಿತು. ಆದರೆ ಮಹಾಪರಾಕ್ರಮಿ ಇದ್ದನಲ್ಲ! ಡಿಸ್ಕ್ ತುಂಬಿದ ಮೇಲೆ ಹೊಸದು ಬಿದ್ದಿರಲಿಲ್ಲವಾದ್ದರಿಂದ, ಇದ್ದದ್ದರಲ್ಲಿ ಕಡೆಯದಾದ ಹಿಂದಿನ ಭಾನುವಾರವನ್ನು ಆರಿಸಿ ಗುಂಡಿ ಒತ್ತಿದೆ. ನವಿಲು ಬಂತು. ಮೀಸೆ ತಿರುವಿದೆ. ಹೆಂಡತಿಗೆ ಹೇಳಲಿಲ್ಲ.

ಸಂಜೆ ಬಂದವಳೇ ಮದುವೆ ಬ್ಲೌಸಿನ ತೋಳಿನ ಕೆಂಪು ರೇಷ್ಮೆ ಬಟ್ಟೆಯನ್ನು ಮಷೀನಿಗೆ ಹಾಕಿ, ಫೈಲ್ ಆರಿಸಿ, ಚಾಲೂ ಮಾಡಿದಳು.

"ದಾರ ಹರೀತಂದ್ರ ಕರೀರಿ. ನಾ ರೊಟ್ಟಿ ಬಡೀತೇನಿ" ಎಂದು ಒಳಗೆ ಹೋದಳು.

ಸೂಜಿ ಟಕಟಕನೆ ಓಡಿ, ಬಂಗಾರದ ಬಣ್ಣದಲ್ಲಿ 'ಕೊಟ್ರೇಶ' ಎಂದು ಮೂಡಿಸಿತು. ಬಹಳ ಛಂದ ಬಂದಿತ್ತು. ಅಷ್ಟರಲ್ಲಿ ಮದುಮಗಳ ತಾಯಿ, ಮಾಸೂರಿನ ತಿಪ್ಪವ್ವ, ಬ್ಲೌಸ್ ಎಲ್ಲಿಗೆ ಬಂತೆಂದು ನೋಡಲು ಬಂದರು. ಜೊತೆಗೆ ಮದುಮಗನ ಅಕ್ಕ ಸುಜಾತಾ. ನಾನೇ ಮುಂದಾಗಿ ಬಟ್ಟೆ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ತೋರಿಸಿದೆ.

ತಿಪ್ಪವ್ವನ ಮುಖ ಬಿಳಚಿಕೊಂಡಿತು.

"ಕೊಟ್ರೇಶ ಅಂದ್ರ ಯಾರು?" ಸುಜಾತಾಳ ಹುಬ್ಬು ಮೇಲೇರಿತು. "ನನ್ನ ತಮ್ಮ ಮಾಲತೇಶ ಅಲ್ಲೇನು?"

ವಿದ್ಯಾಶ್ರೀ ಹಿಟ್ಟಿನ ಕೈಯಲ್ಲೇ ಬಂದಳು. ತೋಳು ನೋಡಿದಳು, ಕಂಪ್ಯೂಟರ್ ನೋಡಿದಳು, ನನ್ನನ್ನು ನೋಡಿದಳು. ಆಗ ನನಗೆ ನೆನಪಾಯಿತು. ಮದುಮಗಳಿಗೆ ಕೊಟ್ರೇಶನೊಂದಿಗೆ ನಡೆದಿದ್ದ ಮೊದಲಿನ ಮಾತುಕತೆ ಮುರಿದು ಮಾಲತೇಶನೊಂದಿಗೆ ಕೂಡಿತೆಂದೂ, ಫೈಲಿನಲ್ಲಿ ಹೆಸರು ಬದಲಿಸಿದೆನೆಂದೂ ಅವಳು ಆ ಎರಡು ಭಾನುವಾರಗಳ ನಡುವೆಯೇ ಹೇಳಿದ್ದಳು. ನಾನು 'ಹೂಂ' ಎಂದಿದ್ದೆ. ನನ್ನ ಗುಂಡಿ ನವಿಲಿನ ಬೆನ್ನಿಗೆ ಕೊಟ್ರೇಶನನ್ನೂ ಕರೆತಂದಿತ್ತು. ಒಂದು ಮದುವೆ ನನ್ನ ಎರಡು ಕೈಯಲ್ಲಿ ನೇತಾಡುತ್ತಿತ್ತು.

"ಅಯ್ಯ, ಅದು ನನ್ನ ಬ್ಲೌಸ್‌ರಿ ಅಕ್ಕಾರ" ಎಂದು ನಕ್ಕಳು ವಿದ್ಯಾಶ್ರೀ. "ನಿಮ್ಮ ಹುಡುಗಿ ಹೆಸರು ಹಾಕಸ್ತಾಳಂತ ನನಗೂ ಆಸಿ ಆತು. ಕೊಟ್ರೇಶ ಅಂದ್ರ ನಮ್ಮ ಮನಿಯವರು."

ಸುಜಾತಾ ನನ್ನ ಕಡೆ ತಿರುಗಿದಳು. "ಹೌದೇನ್ರಿ?"

ಅವಳ ಬೆನ್ನ ಹಿಂದೆ ತಿಪ್ಪವ್ವ ಕೈ ಮುಗಿಯುತ್ತಿದ್ದರು.

"ಹೌದ್ರಿ" ಎಂದೆ. "ನಾನ ಕೊಟ್ರೇಶ."

ಅದೇ ಹೊತ್ತಿಗೆ ಒಳಗಿನಿಂದ ನನ್ನ ಅವ್ವ ಶಾರವ್ವ ಕೂಗಿದಳು: "ಹಾಲೇಶಾ..."

"ಹಾಲು ಸಾಕ್ರಿ ಅತ್ತೀ!" ಎಂದು ವಿದ್ಯಾಶ್ರೀ ಕಿರುಚಿದಳು.

ಅವರು ಚಹಾ ಕುಡಿದು, ನಾಳಿದ್ದು ಬರುತ್ತೇವೆಂದು ನಗುನಗುತ್ತಾ ಹೋದರು. ವಿದ್ಯಾಶ್ರೀ ಬಾಗಿಲು ಹಾಕಿದಳು.

"ಗುಂಡಿ ಒತ್ತಿದ್ರಿ?"

"ನವಿಲು..."

"ಒತ್ತಿದ್ರೋ ಇಲ್ಲೋ?"

"ಒತ್ತೇನಿ."

"ಹೋತಲ್ಲ ಬುಟ್ಟಿ?"

ಮರುದಿನ ರಜೆ ಹಾಕಿ, ಅದೇ ಬಣ್ಣದ ರೇಷ್ಮೆ ತರಲು ಹಾವೇರಿಯ ಬಸ್ಸು ಹತ್ತಿದವನು ನಾನೇ. ಬ್ಲೌಸ್ ಹೊತ್ತಿಗೆ ಸರಿಯಾಗಿ ಮುಗಿಯಿತು. ಮಾಲತೇಶನ ಹೆಸರು ಮಾಲತೇಶನ ಹೆಂಡತಿಯಾಗುವವಳ ತೋಳಿಗೆ ಸೇರಿತು.

ಮಾಸೂರಿನ ಮದುವೆಗೆ ನಾವು ಹೋಗಲೇಬೇಕಾಯಿತು. ಹೋದಮೇಲೆ ವಿದ್ಯಾಶ್ರೀ ಕೊಟ್ರೇಶನ ತೋಳು ತೊಡಲೇಬೇಕಾಯಿತು. ಸುಜಾತಾ ಕಂಡಕಂಡವರಿಗೆ "ಇವ್ರ ನೋಡ್ರಿ ಕೊಟ್ರೇಶಣ್ಣ" ಎಂದು ಪರಿಚಯಿಸಿದಳು. ಆಯೇರಿಯ ಉಡುಗೊರೆ ಕೊಡುವಾಗ ಮೈಕಿನವನು, "ಹಿರೇಕೆರೂರಿನ ಕೊಟ್ರೇಶ ಅವರಿಂದ ದೀಪ ಹಚ್ಚುವ ಹಿತ್ತಾಳೆ ಸಮೆ" ಎಂದು ಇಡೀ ಪೆಂಡಾಲಿಗೆ ಸಾರಿದ. ಆ ಸಮೆ ನನ್ನದು! ಆರಿಸಿದ್ದು ನಾನು, ಹೊತ್ತು ತಂದದ್ದು ನಾನು!

ಗಂಡನ ಹೆಸರು ಹೇಳಬಾರದೆಂದು ಲಗ್ನವಾದಾಗಿನಿಂದ ನನ್ನನ್ನು 'ಏನ್ರಿ' ಎನ್ನುತ್ತಲೇ ಬಂದವಳು ನನ್ನ ಹೆಂಡತಿ. ಅವಳ ಬಾಯಲ್ಲಿ ಒಂದು ಸಲವಾದರೂ ನನ್ನ ಹೆಸರು ಕೇಳಬೇಕೆಂದು ನನಗೆ ಬಹಳ ಆಸೆಯಿತ್ತು. ಅಂದು ಊಟದ ಪಂಕ್ತಿಯ ಆ ತುದಿಯಿಂದ, ಸುಜಾತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಗು ತಡೆಯಲಾರದೆ, ಅವಳು ಗಟ್ಟಿಯಾಗಿ ಕೂಗಿದಳು:

"ಕೊಟ್ರೇಶ ಅವ್ರ, ಬರ್ರಿ ಊಟಕ್ಕ!"

ನಾನು 'ಹೂಂ' ಎಂದೆ.